ಒಂದೇ ಕಡೆಗೆ ಕಚ್ಚುವ ಹಲ್ಲು

ಸಂಕು ಮಾವ ಮೊದಲು ವಿಚಾರಿಸಿದ್ದು ಹಗ್ಗವನ್ನಲ್ಲ, ಹಲ್ಲನ್ನು.
"ಇದು ಕಚ್ಚುತ್ತದಾ?"
ಕಚ್ಚುತ್ತದೆ, ಆದರೆ ಒಂದೇ ಕಡೆಗೆ. ಮೇಲೆ ನೂಕಿದರೆ ಬಿಡುತ್ತದೆ,
ಕೆಳಗೆ ಜಗ್ಗಿದರೆ ಹಿಡಿಯುತ್ತದೆ.
ಅವನು ಅಂಗೈ ಮಡಚಿಕೊಂಡ.
ಮಲ್ಪೆಯ ಬೋಟಿನ ವಿಂಚು ಅವನ ಎರಡು ಬೆರಳು ತೆಗೆದದ್ದು
ಕಡೆ ನೋಡಿ ಅಲ್ಲ.

ಉದ್ಯಾವರ, ಸೆವ್ರಿನ್ ಬಾಯಿಯ ಹಿತ್ತಿಲು, ಮೇ ಇಪ್ಪತ್ತೆಂಟು.
ಕಾಟುಮಾವಿನ ಮರದ ಒಣಗಿದ ಕೊಂಬೆಯೊಂದು
ಪಕ್ಕದ ಅಂಗನವಾಡಿಯ ಹಂಚಿನ ಮೇಲೆ ಕೈ ಚಾಚಿದೆ.
ಪಂಚಾಯತಿಗೆ ಮೂರು ಅರ್ಜಿ ಹೋಗಿದೆ.
ಮಳೆಗೆ ಅರ್ಜಿ ಕೊಡಲು ಬರುವುದಿಲ್ಲ.

ಎಸೆಯುವ ಚೀಲ ನಾನೇ ಹೊಲಿದದ್ದು,
ಒಳಗೆ ಮಾವನ ಹಳೇ ಬಲೆಯ ಸೀಸದ ಮಣಿಗಳು.
ಮೊದಲ ಎಸೆತ ಎಲೆಗೆ.
ಎರಡನೆಯದು ಹಂಚಿಗೆ: ಒಂದು ಒಡೆಯಿತು,
"ಲೆಕ್ಕಕ್ಕೆ ಹಿಡಿಯುತ್ತೇನೆ" ಎಂದರು ಬಾಯಿ.
ಮೂರನೆಯದಕ್ಕೆ ಮಾವ ಬಲೆ ಬೀಸುವವನ ಹಾಗೆ
ಸೊಂಟ ತಿರುಗಿಸಿ ಬೀಸಿದ.
ಹಸಿರು ಕವಲಿನ ಬುಡದಲ್ಲೇ ದಾಟಿ
ದಾರ ಸರಸರ ಇಳಿದು ಬಂತು,
ಗಾಳಿಯಲ್ಲಿ ಮೀನಿರುವುದು ಅವನಿಗೆ ಮೊದಲೇ ಗೊತ್ತಿದ್ದಂತೆ.

ದಾರದ ಹಿಂದೆ ಹಗ್ಗ. ಹಗ್ಗದ ಒಂದು ತುದಿ ಬೊಡ್ಡೆಗೆ.
ಗಂಟು ಮಾವನದು, ಮೂರು ಬೆರಳಲ್ಲಿ,
ನಾನು ಐದರಲ್ಲಿ ಹಾಕುವುದಕ್ಕಿಂತ ಬೇಗ.
ನಮ್ಮದು ಅಳಿಯಕಟ್ಟು, ಮಾವನದು ತಂಗಿಯ ಮಕ್ಕಳಿಗೆ.
ದೋಣಿ ಸಾಲಕ್ಕೆ ಹೋಯಿತು. ಈ ಗಂಟು ಉಳಿದಿದೆ.

ಹತ್ತುವ ಮೊದಲು ನೇತಾಡಬೇಕು, ಇಬ್ಬರೂ ಒಟ್ಟಿಗೆ.
ಮುರಿಯುವುದಾದರೆ ಕಾಲು ನೆಲದಲ್ಲಿರುವಾಗಲೇ ಮುರಿಯಲಿ.
ಅವನ ಎಪ್ಪತ್ತು ಕಿಲೋ, ನನ್ನ ಐವತ್ತೆರಡು,
ಜೋತು ಕುಣಿದೆವು,
ಹಬ್ಬಕ್ಕೆ ಹುಚ್ಚು ಹಿಡಿದವರ ಹಾಗೆ.
ಮರ ಒಮ್ಮೆ ಗಂಟಲು ಸರಿಮಾಡಿಕೊಂಡಿತು.
ಒಂದು ಒಣ ಕಡ್ಡಿ, ಎರಡು ಹಣ್ಣು, ಮುಷ್ಟಿ ಕೆಂಪಿರುವೆ.
ಕವಲು ಅಲುಗಲಿಲ್ಲ.

ಈಗ ನಾನು.
ಎದೆಯ ಹಲ್ಲಿನೊಳಗೆ ಹಗ್ಗ, ಕೈಯ ಹಲ್ಲಿನೊಳಗೆ ಹಗ್ಗ,
ಕೈಯದರಿಂದ ಇಳಿಬಿಟ್ಟ ಕುಣಿಕೆಯಲ್ಲಿ ಬಲಗಾಲು.
ಕೂರು. ಕಾಲು ಮಡಚು. ಕೈ ಮೇಲೆ ನೂಕು. ನಿಲ್ಲು.
ಕೂರು.
ಒಂದು ಗೇಣು. ಇನ್ನೊಂದು.
ಮೊದಲಿಗೆ ಹಗ್ಗ ಎದೆಯಲ್ಲಿ ತಾನಾಗಿ ಜಾರುವುದಿಲ್ಲ,
ನಿಂತಾಗ ಅದೂ ನನ್ನ ಜೊತೆ ಎದ್ದು ನಿಲ್ಲುತ್ತದೆ,
ಬಾಲಕ್ಕೆ ಭಾರ ಬೇಕು.
ಕೆಳಗೆ ಮಾವ ಅದನ್ನು ಹಗುರಾಗಿ ಹಿಡಿದಿದ್ದ,
ಸೈಕಲಿನ ಸೀಟು ಹಿಡಿದವನ ಹಾಗೆ.

ಸೈಕಲಿನ ಹಾಗೆಯೇ ಆಯಿತು.
ಮೂರಾಳು ಎತ್ತರಕ್ಕೆ ಹಗ್ಗದ ಭಾರವೇ ಸಾಕಾಗಿ
ಅವನು ಯಾವಾಗ ಬಿಟ್ಟನೋ! ಕೆಳಗೆ ನೋಡಿದರೆ
ಬಾಯಿಯ ಜೊತೆ ನಿಂತು ಬೀಡಿ ಹಚ್ಚುತ್ತಿದ್ದಾನೆ,
ಇಬ್ಬರೂ ಕೊಡೆ ಮರೆತವರ ಹಾಗೆ ಆಕಾಶ ನೋಡುತ್ತಾರೆ,
ನನ್ನನ್ನಲ್ಲ.

ಮೇಲಿಂದ ಹೊಳೆ ಕಂಡಿತು, ಅದರಾಚೆ ಸಮುದ್ರ.
ದಡಕ್ಕೆ ಬಂದು ಕಟ್ಟಿಕೊಂಡ ಬೋಟುಗಳು
ಬಾಯಿ ಕಟ್ಟಿದ ಕರುಗಳಂತೆ.
ಜಾಸ್ತಿ ನೋಡಲು ಇರುವೆಗಳು ಬಿಡಲಿಲ್ಲ.
ಸೊಂಟದ ಹಗ್ಗ ಸುತ್ತಿ, ಗರಗಸ ತೆಗೆದು,
ಒಣ ಕೊಂಬೆಯನ್ನು ತುಂಡು ತುಂಡಾಗಿ
ಬೇರೆ ಹಗ್ಗದಲ್ಲಿ ಇಳಿಸಿದೆ.
ಪ್ರತಿ ತುಂಡಿಗೂ ಕೆಳಗಿಂದ ಒಂದೇ ಕೂಗು:
"ಹಾಗೇ ನಾಲ್ಕು ಹಣ್ಣು ಕೊಯ್ಯಿ ಮಾರಾಯ್ತಿ,
ಗೊಜ್ಜಿಗೆ!"

ಇಳಿಯುವಾಗ ಹಲ್ಲು ಬಿಡುವುದಿಲ್ಲ.
ಕೂತಲ್ಲೇ ಎಷ್ಟು ಕೊಸರಾಡಿದರೂ ಇಲ್ಲ,
ನನ್ನದೇ ಭಾರ ಅದರ ಬಾಯಿ ಮುಚ್ಚಿರುತ್ತದೆ.
ಕುಣಿಕೆಯ ಮೇಲೆ ಎದ್ದು ನಿಂತು
ಒಂದಿಂಚು ಮೇಲೆ ಹೋಗಬೇಕು, ಆಗ ತೆರೆಯುತ್ತದೆ.
ತೆರೆದೆ. ಇಳಿಯುವ ಸಾಧನಕ್ಕೆ ಹಗ್ಗ ದಾಟಿಸಿದೆ.
ನೆಲ ನಿಧಾನಕ್ಕೆ ಬಂತು.

ಹಂಚಿನ ನಲವತ್ತು ರೂಪಾಯಿ ಕಳೆದು
ಬಾಯಿ ದುಡ್ಡು ಎಣಿಸಿದರು.
ನಾನು ಹಗ್ಗ ಸುತ್ತುತ್ತಿದ್ದೆ.
ಮಾವ ಮೆಟ್ಟಿಲಲ್ಲಿ ಕೂತು
ಕೈಯ ಸಾಧನವನ್ನು ತೊಡೆಯ ಮೇಲಿಟ್ಟು, ಬಾಯಿ ತೆರೆಸಿ,
ಉಳಿದ ಕಿರುಬೆರಳನ್ನು ಹಲ್ಲಿನ ಮೇಲಿಟ್ಟ.
ಮೇಲಕ್ಕೆ ಸವರಿದ. ಮತ್ತೊಮ್ಮೆ ಸವರಿದ.
ಕೆಳಕ್ಕೆ ಸವರಲಿಲ್ಲ.